ಹೋದ ವಾರ ಓಡುತ್ತಿದ್ದ ಕೋಡ್ ಈಗೇಕೆ ಕೈಕೊಟ್ಟಿತು?

ಪ್ರಶ್ನೆ: ಹೋದ ವಾರ ಸರಿಯಿದ್ದ ಪ್ರೋಗ್ರಾಂ ಈಗ ತಪ್ಪು ಮೊತ್ತ ಕೊಡುತ್ತಿದೆ. ಏನೇನು ಬದಲಾಯಿಸಿದೆನೋ ನೆನಪಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇರುತ್ತದೆ. ಅನುಮಾನ ಬಂದ ಸಾಲನ್ನೆಲ್ಲ ತಿದ್ದುತ್ತಾ ಹೋಗಬೇಡಿ, ಹಳೆಯ ತಪ್ಪಿನ ಮೇಲೆ ಹೊಸದು ಸೇರಿಕೊಳ್ಳುತ್ತದೆ. ಮೊದಲು ಆ ತಪ್ಪು ಮೊತ್ತವನ್ನು ಹಿಡಿಯುವ ಪುಟ್ಟ ಟೆಸ್ಟ್ ಬರೆಯಿರಿ. ಪಾಸ್ ಆದರೆ ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿಯುವಾಗ ಹಿಂದಿರುಗಿಸುವ ಸಂಖ್ಯೆ) 0, ಫೇಲ್ ಆದರೆ 1. ಟೆಸ್ಟ್ ಫೈಲನ್ನು ರೆಪೊಸಿಟರಿಯ (ಕೋಡ್ ಮತ್ತು ಅದರ ಹಿಸ್ಟರಿ ಇರುವ ಫೋಲ್ಡರ್) ಹೊರಗಿಡಿ. ಉಳಿಸಿಟ್ಟ ಒಂದೊಂದು ಬದಲಾವಣೆಯೂ ಒಂದು ಕಮಿಟ್, ಹಳೆಯ ಕಮಿಟ್‌ಗಳ ಮೇಲೂ ಅದೇ ಟೆಸ್ಟ್ ಓಡಬೇಕು.

ಆಮೇಲೆ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ತಪ್ಪು ಹೊಕ್ಕ ಕಮಿಟ್ ಹುಡುಕುವ ಆಜ್ಞೆ ‘ಗಿಟ್ ಬೈಸೆಕ್ಟ್ ಸ್ಟಾರ್ಟ್’. ಈಗಿನ ಕಮಿಟ್‌ಗೆ ‘ಬ್ಯಾಡ್’, ಸರಿಯಿದ್ದ ಹಳೆಯ ಕಮಿಟ್‌ಗೆ ‘ಗುಡ್’ ಎಂದು ಗುರುತು ಹಾಕಿ, ‘ಬೈಸೆಕ್ಟ್ ರನ್’ಗೆ ಟೆಸ್ಟ್ ಕೊಡಿ. ಗಿಟ್ ಪ್ರತಿ ಸಲ ನಡುವಿನ ಕಮಿಟ್ ಪರೀಕ್ಷಿಸಿ ಉಳಿದುದರಲ್ಲಿ ಅರ್ಧವನ್ನು ಕೈಬಿಡುತ್ತದೆ. 1000 ಕಮಿಟ್ ಇದ್ದರೂ ಸುಮಾರು 10 ಸುತ್ತು ಸಾಕು. ಕೊನೆಗೆ ಮೊದಲಿದ್ದ ಜಾಗಕ್ಕೆ ಮರಳಲು ‘ಬೈಸೆಕ್ಟ್ ರೀಸೆಟ್’ ಮರೆಯಬೇಡಿ.

ಆದರೆ ಇದೆಲ್ಲ ಫಲ ಕೊಡುವುದು ಕಮಿಟ್‌ಗಳು ಶಿಸ್ತಾಗಿದ್ದರೆ ಮಾತ್ರ. ನಿಮ್ಮಂತೆ ಬರೆಯುವ ಬಹುತೇಕರ ಕಮಿಟ್ ಸಂದೇಶ ‘ಫಿಕ್ಸ್’ ಎಂಬ ಒಂದೇ ಪದ, ಒಳಗೆ ಇಡೀ ವಾರದ ಕೆಲಸ. ಇಂಡೆಂಟೇಶನ್ ಸರಿಪಡಿಸಿದ್ದು, ವೇರಿಯಬಲ್ ಹೆಸರು ಬದಲಿಸಿದ್ದು, ಲೆಕ್ಕದ ಲಾಜಿಕ್ ತಿದ್ದಿದ್ದು ಒಂದೇ ಕಮಿಟ್‌ನಲ್ಲಿದ್ದರೆ ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿ) 600 ಸಾಲು ಕಾಣುತ್ತದೆ. ಲೂಪ್‌ನಲ್ಲಿ ‘<’ ಇದ್ದದ್ದು ‘<=’ ಆಗಿರುವುದು ಅದರಲ್ಲಿ ಹೂತುಹೋಗಿರುತ್ತದೆ. ಕಂಪೈಲ್ ಆಗದ ಕಮಿಟ್ ಇನ್ನೂ ಕೆಟ್ಟದ್ದು. ಅಲ್ಲಿ ಟೆಸ್ಟ್ ಎಕ್ಸಿಟ್ ಕೋಡ್ 125 ಕೊಟ್ಟರೆ ಗಿಟ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ನಿಜ. ತಪ್ಪು ಹೊಕ್ಕ ಜಾಗದಲ್ಲೇ ಅಂಥವು ಸಾಲಾಗಿ ಬಂದರೆ ‘ಇವುಗಳಲ್ಲಿ ಯಾವುದೋ ಒಂದು’ ಎಂದಷ್ಟೇ ತಿಳಿಯುತ್ತದೆ.

ಆದ್ದರಿಂದ ಒಂದು ಕಮಿಟ್‌ಗೆ ಒಂದೇ ಬದಲಾವಣೆ. ಒಂದೇ ಫೈಲಿನಲ್ಲಿ ಎರಡು ಬೆರೆತಿದ್ದರೆ ‘ಗಿಟ್ ಆ್ಯಡ್ -ಪಿ’ ಬಳಸಿ ತುಂಡುತುಂಡಾಗಿ ಆರಿಸಿ. ಆರಿಸಿದ್ದನ್ನು ತೋರಿಸುವ ‘ಗಿಟ್ ಡಿಫ್ --ಸ್ಟೇಜ್ಡ್’ ಪೂರ್ತಿ ಓದಿ, ಟೆಸ್ಟ್ ಓಡಿಸಿ, ಆಮೇಲೆ ಕಮಿಟ್. ತಪ್ಪು ಸಿಕ್ಕಮೇಲೆ ಆ ಪುಟ್ಟ ಟೆಸ್ಟನ್ನು ಅಳಿಸದೆ ಪ್ರಾಜೆಕ್ಟ್‌ಗೆ ಸೇರಿಸಿ.

ಪ್ರಶ್ನೆ: ಪೈಥಾನ್‌ನಲ್ಲಿ ‘ಎಕ್ಸೆಪ್ಟ್: ಪಾಸ್’ ಹಾಕಿದರೆ ಎರರ್ ನಿಲ್ಲುತ್ತದಲ್ಲವೇ?

ಉತ್ತರ: ಎರರ್ ನಿಲ್ಲುವುದಿಲ್ಲ, ಕಾಣುವುದು ನಿಲ್ಲುತ್ತದೆ. ಪ್ರೋಗ್ರಾಂ ನಿಲ್ಲಿಸಲು ಒತ್ತುವ ಕಂಟ್ರೋಲ್-ಸಿ ಕೂಡ ಅದರಲ್ಲೇ ನುಂಗಿಹೋಗುತ್ತದೆ.

ಪ್ರಶ್ನೆ: 30 ದಿನದಲ್ಲಿ ಪರಿಣತ ಪ್ರೋಗ್ರಾಮರ್ ಮಾಡುತ್ತೇವೆನ್ನುವ ಕೋರ್ಸ್ ಸೇರಬಹುದೇ?

ಉತ್ತರ: ಬೇಡ. ಅಷ್ಟು ದಿನದಲ್ಲಿ ಸಿಂಟ್ಯಾಕ್ಸ್ ಬರಬಹುದು, ಪರಿಣತಿ ಬರುತ್ತದೆಂದು ಹೇಳುವವರು ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ತಪ್ಪಿ ಪಾಸ್‌ವರ್ಡ್ ಪುಶ್ ಮಾಡಿದೆ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಸಾಕೇ?

ಉತ್ತರ: ಸಾಲದು, ಹಿಸ್ಟರಿಯಲ್ಲಿ ಉಳಿದಿರುತ್ತದೆ. ಪಾಸ್‌ವರ್ಡನ್ನೇ ಬದಲಿಸಿ, ಈಗಲೇ.