ಟ್ರೋಪೊನಿನ್ ಪರೀಕ್ಷೆಗೆ ಮತ್ತೊಮ್ಮೆ ರಕ್ತ ಕೇಳುವುದೇಕೆ?

ಎದೆನೋವೆಂದು ಹೋದವರಿಂದ ಎರಡನೇ ಸಲ ರಕ್ತ ತೆಗೆದರೆ ಗಾಬರಿ ಬೇಡ. ಹೃದಯಾಘಾತವಾದಾಗ ರಕ್ತದಲ್ಲಿ ಟ್ರೋಪೊನಿನ್ (ಹೃದಯದ ಸ್ನಾಯುವಿನಿಂದ ಸೋರುವ ಪ್ರೋಟೀನ್) ಏರಲು ಸಮಯ ಬೇಕು, ಹಾಗಾಗಿ 1ರಿಂದ 3 ಗಂಟೆ ಬಿಟ್ಟು ಮತ್ತೆ ನೋಡುವುದು ಮಾಮೂಲಿ.

ಆದರೆ ಹತ್ತೇ ನಿಮಿಷದಲ್ಲಿ ಕೇಳಿದರೆ ಮೊದಲ ಸ್ಯಾಂಪಲ್ ಕೆಟ್ಟಿರಬಹುದು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬನ್ನು ಗಲಗಲ ಕುಲುಕಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಟ್ಯೂಬನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ತೆಗೆದಾಗ ಮೇಲೆ ತಿಳಿಹಳದಿ ದ್ರವ ನಿಂತಿರಬೇಕು. ಕಣ ಒಡೆದಿದ್ದರೆ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣ! ಹೀಗೆ ರಕ್ತಕಣ ಒಡೆಯುವುದೇ ಹಿಮೊಲಿಸಿಸ್. ವಿಚಿತ್ರವೆಂದರೆ ಇದರ ಪರಿಣಾಮ ಎಲ್ಲ ಪರೀಕ್ಷಾ ಕಿಟ್‌ಗಳಲ್ಲೂ ಒಂದೇ ಅಲ್ಲ. ಅಳೆಯುವ ಟ್ರೋಪೊನಿನ್‌ನಲ್ಲಿ ಟಿ, ಐ ಎಂದು ಎರಡು ಬಗೆ. ಕೆಲವು ಟ್ರೋಪೊನಿನ್-ಟಿ ಕಿಟ್‌ಗಳಲ್ಲಿ ಅಂಕಿ ಇಳಿಯುತ್ತದೆ, ಕೆಲವು ಟ್ರೋಪೊನಿನ್-ಐ ಕಿಟ್‌ಗಳಲ್ಲಿ ಏರುತ್ತದೆ. ನನ್ನ ಮಟ್ಟಿಗೆ ಸುಳ್ಳು ಇಳಿಕೆಯೇ ಹೆಚ್ಚು ಭಯದ್ದು, ಹೃದಯಾಘಾತವಾದವರನ್ನೇ ಮನೆಗೆ ಕಳಿಸಿಬಿಡಬಹುದು.

ಅವಸರವೂ ಕೆಡಿಸುತ್ತದೆ. ಸೀರಮ್ ಟ್ಯೂಬಿನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವವೇ ಸೀರಮ್) ರಕ್ತ ಪೂರ್ತಿ ಹೆಪ್ಪುಗಟ್ಟಲು ಸುಮಾರು 30 ನಿಮಿಷ ಬೇಕು. ಅದಕ್ಕೂ ಮೊದಲೇ ತಿರುಗಿಸಿದರೆ ಉಳಿದ ಫೈಬ್ರಿನ್ ಎಳೆಗಳು (ಹೆಪ್ಪಿನ ನಾರುಗಳು) ಯಂತ್ರವನ್ನು ಏಮಾರಿಸಿ ಇಲ್ಲದ ಏರಿಕೆ ತೋರಿಸಬಹುದು. ಅದಕ್ಕೇ ಎಮರ್ಜೆನ್ಸಿಯಲ್ಲಿ ಹಲವೆಡೆ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬ್ ಬಳಸುತ್ತಾರೆ, ಹೆಪ್ಪುಗಟ್ಟುವ ತನಕ ಕಾಯಬೇಕಿಲ್ಲ. ಎರಡೂ ಸಲ ಒಂದೇ ಬಗೆಯ ಟ್ಯೂಬ್, ಒಂದೇ ಯಂತ್ರ ಇದ್ದರೆ ಮಾತ್ರ ಹೋಲಿಕೆಗೆ ಅರ್ಥ.