ಹಾಸನದ ಮನೆಯಲ್ಲಿರುವ ಹಳೆಯ ವಾಲ್ವ್ ರೇಡಿಯೋ ದುರಸ್ತಿಗೆ ಯಾವ ಮುದ್ರಿತ ಕೈಪಿಡಿ ಕೊಳ್ಳಬೇಕು?

ಮೊದಲು ನಿಮ್ಮ ರೇಡಿಯೋದ ವಾಲ್ವ್‌ಗಳ (ಒಳಗಿನ ಗಾಜಿನ ಕೊಳವೆಗಳ) ಮೇಲಿನ ಹೆಸರನ್ನು ಓದಿ, ಆ ಹೆಸರಿನ ಪದ್ಧತಿಗೆ ಸೇರಿದ ತಯಾರಕರ ಕೈಪಿಡಿಯನ್ನೇ ಕೊಳ್ಳಿ. ಇಸಿಎಚ್81, ಇಎಲ್84 ಎಂಬಂಥ ಹೆಸರುಗಳಿದ್ದರೆ ಯುರೋಪಿನ ತಯಾರಕರಾದ ಫಿಲಿಪ್ಸ್ ಅಥವಾ ಮುಲ್ಲಾರ್ಡ್ ಕೈಪಿಡಿ ಬೇಕು. 6ವಿ6 ಮಾದರಿಯ ಹೆಸರುಗಳಿದ್ದರೆ ಅಮೆರಿಕದ ಆರ್‌ಸಿಎ ಕಂಪನಿಯ ಕೈಪಿಡಿ ಸಾಕು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಇಎಲ್84ರಂಥ ಯುರೋಪಿನ ಹೆಸರಿನ ವಾಲ್ವ್‌ಗಳನ್ನು ತಯಾರಿಸುತ್ತಿದ್ದುದರಿಂದ, ನಮ್ಮ ಕಡೆಯ ರೇಡಿಯೋಗಳಿಗೆ ಸಾಮಾನ್ಯವಾಗಿ ಫಿಲಿಪ್ಸ್ ಅಥವಾ ಮುಲ್ಲಾರ್ಡ್ ಕೈಪಿಡಿಯೇ ಹೆಚ್ಚು ಉಪಯುಕ್ತ.

ಪಿನ್‌ಗಳ ಚಿತ್ರ ಮತ್ತು ಬದಲಿ ವಾಲ್ವ್‌ಗಳ ಪಟ್ಟಿ ಮಾತ್ರ ಇರುವ ತೆಳು ಪುಸ್ತಕಕ್ಕೆ ಹಣ ಹಾಕಬೇಡಿ. ವಾಲ್ವ್‌ನ ಆನೋಡ್ ಎಂಬ ಲೋಹದ ತಟ್ಟೆಗೆ ಹರಿಯುವ ವಿದ್ಯುತ್ತನ್ನು ಗ್ರಿಡ್ ಎಂಬ ಜಾಲರಿಯ ವೋಲ್ಟೇಜ್ ನಿಯಂತ್ರಿಸುತ್ತದೆ. ಯಾವ ಗ್ರಿಡ್ ವೋಲ್ಟೇಜಿಗೆ ಎಷ್ಟು ವಿದ್ಯುತ್ ಹರಿಯಬೇಕೆಂಬುದನ್ನು ಪೂರ್ಣ ಕೈಪಿಡಿಯಲ್ಲಿರುವ ಲಕ್ಷಣ ರೇಖೆಗಳು (ಈ ಸಂಬಂಧದ ರೇಖಾಚಿತ್ರಗಳು) ಮತ್ತು ಮಾದರಿ ಬಳಕೆಯ ಅಂಕಿಗಳು ತಿಳಿಸುತ್ತವೆ. ಉದಾಹರಣೆಗೆ, ಇಎಲ್84ಕ್ಕೆ ಆನೋಡ್ 250 ವೋಲ್ಟ್, ಗ್ರಿಡ್ ಸುಮಾರು ಮೈನಸ್ 7.3 ವೋಲ್ಟ್ ಇದ್ದಾಗ 48 ಮಿಲಿಆಂಪಿಯರ್ ಹರಿಯುತ್ತದೆ. ಇದು 12 ವ್ಯಾಟ್, ಅಂದರೆ ಆ ಆನೋಡಿನ ಗರಿಷ್ಠ ಮಿತಿಯೇ. ಅಳೆದಾಗ 60 ಮಿಲಿಆಂಪಿಯರ್ ಬಂದರೆ, ವಾಲ್ವ್‌ಗಿಂತ ಮೊದಲು ಹಿಂದಿನ ಹಂತದಿಂದ ಗ್ರಿಡ್‌ಗೆ ಧ್ವನಿ ಸಂಕೇತ ತರುವ ಕಪಲಿಂಗ್ ಕೆಪಾಸಿಟರ್ ವಿದ್ಯುತ್ ಸೋರುತ್ತಿದೆಯೇ ಎಂದು ಶಂಕಿಸಬೇಕು.

ಇಎಲ್84ಕ್ಕೆ ಅಮೆರಿಕದ ಹೆಸರು 6ಬಿಕ್ಯೂ5. ಇಂಥ ಸಮಾನ ಹೆಸರುಗಳ ಕೋಷ್ಟಕವಿರುವ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆಯ ಪ್ರತಿ ಕೊಳ್ಳುವಾಗ ರೇಖಾಚಿತ್ರದ ಪುಟಗಳನ್ನು ತೆರೆದು ನೋಡಿ. ಸಕಲೇಶಪುರದ ಮಳೆಗಾಲ ಕಂಡ ಪುಸ್ತಕಗಳಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿರಬಹುದು.