ಷಟ್ಪದಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಏನು ಸಿಗುತ್ತದೆ?

ಹಳೆಯ ಕಾವ್ಯವನ್ನು ಕಂಪ್ಯೂಟರಿಗೆ ಹಾಕಿ ವಿಶ್ಲೇಷಣೆ ಮಾಡಿದರೆ ಏನಾದರೂ ಸಿಗುತ್ತಾ, ಇಲ್ಲ ಸುಮ್ನೆ ಹೊತ್ತು ಕಳೆಯೋದಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತದೆ. ಯಾವ ಸಾಲಿನಲ್ಲಿ ನಿಂತು ಓದಬೇಕು ಅಂತ ಅದು ತೋರಿಸುತ್ತದೆ. ಅರ್ಥ ಬಿಡಿಸುವ ಕೆಲಸ ಆಮೇಲೂ ನಮ್ಮದೇ.

ನಾನು ಕಡೂರಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಜೈಮಿನಿ ಭಾರತ ಬರೆದ ಲಕ್ಷ್ಮೀಶನ ದೇವನೂರು ನಮ್ಮದೇ ತಾಲ್ಲೂಕು. ಹಾಗಾಗಿ ಆ ಕಾವ್ಯದ ಒಂದು ಸಂಧಿಯನ್ನೇ (ಅಧ್ಯಾಯವನ್ನೇ) ಹಿಡಿದು ಕೂತೆ. ಅದು ವಾರ್ಧಕ ಷಟ್ಪದಿ, ಆರು ಸಾಲಿನ ಪದ್ಯದ ಒಂದು ಬಗೆ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ ಮಾತ್ರೆ: ಲಘುವಿಗೆ (ಗಿಡ್ಡ ಅಕ್ಷರಕ್ಕೆ) 1, ಗುರುವಿಗೆ (ಉದ್ದದ್ದಕ್ಕೆ) 2. ಮಾತ್ರೆಗಳ ಗುಂಪೇ ಗಣ. 1, 2, 4, 5ನೇ ಸಾಲಿನಲ್ಲಿ ಐದೈದು ಮಾತ್ರೆಯ ನಾಲ್ಕು ಗಣ, ಅಂದರೆ 20 ಮಾತ್ರೆ. 3 ಮತ್ತು 6ರಲ್ಲಿ ಆರು ಗಣ, ಮೇಲೊಂದು ಗುರು, 32. ಪದ್ಯಕ್ಕೆ ಒಟ್ಟು 144.

ತೊಡಕು ಶುರುವಾಗಿದ್ದೇ ಅಕ್ಷರದಿಂದ. ‘ಮಕ್ಕಳು’ ಅನ್ನುವ ಪದ ನೋಡಿ. ನಮಗೆ 3 ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಾದ ಯೂನಿಕೋಡ್‌ನಲ್ಲಿ 6 ತುಂಡು: ಮ, ಕ, ಹಲಂತದ ಗುರುತು, ಮತ್ತೆ ಕ, ಳ, ಕೊಂಬು. ಛಂದಸ್ಸಿಗೆ 4 ಮಾತ್ರೆ, ಒತ್ತಕ್ಷರದ ಹಿಂದಿನ ‘ಮ’ ಗುರು ಅಲ್ವಾ. ಇದನ್ನೆಲ್ಲ ಯಂತ್ರಕ್ಕೆ ನಾವೇ ಹೇಳಿಕೊಡಬೇಕು. ಪೈಥಾನ್ ಗೊತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಸಂಜೆ ಕೂತು ಮಾತ್ರೆ ಎಣಿಸುವ ಪ್ರೋಗ್ರಾಂ ಬರೆದುಕೊಟ್ಟ. (ನಿಮ್ಮ ಹತ್ತಿರ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫೈಲ್ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.)

20 ಬರಬೇಕಾದ ಕೆಲವು ಸಾಲಿಗೆ 19 ಅಂತ ಬಂತು. ಅವನ್ನೆಲ್ಲ ಗಟ್ಟಿಯಾಗಿ ಓದಿದೆ. ಜಾಸ್ತಿ ಕಡೆ ಟೈಪ್ ಮಾಡುವಾಗ ನಾನೇ ದೀರ್ಘ ಬಿಟ್ಟಿದ್ದೆ. ಉಳಿದ ಕಡೆ ಪಠ್ಯ ಸರಿಯಾಗಿಯೇ ಇತ್ತು. ಮುಂದಿನ ಪದ ಒತ್ತಕ್ಷರದಿಂದ ಶುರುವಾಗಿ ಹಿಂದಿನ ಪದದ ಕೊನೆಯ ಲಘುವನ್ನು ಗುರು ಮಾಡಿತ್ತು. ನಾವು ಪದ ಪದ ಒಡೆದು ಎಣಿಸಿದ್ದರಿಂದ ಅದು ಕಂಡಿರಲಿಲ್ಲ. ಆ ಸಾಲುಗಳನ್ನು ರಾಗವಾಗಿ ಓದಿದಾಗ ಎರಡು ಪದ ಹೇಗೆ ಬೆಸೆದುಕೊಳ್ಳುತ್ತವೆ ಅಂತ ಮೊದಲ ಸಲ ಕಿವಿಗೆ ಬಿತ್ತು. ಇಷ್ಟು ವರ್ಷ ಪಾಠ ಮಾಡಿಯೂ ಅದನ್ನು ಗಮನಿಸಿರಲಿಲ್ಲ. ಇನ್ನೂ ಹಳೆಯ ಕಾವ್ಯವಾದರೆ ಶಿಥಿಲದ್ವಿತ್ವವನ್ನೂ ನೋಡಿಕೊಳ್ಳಬೇಕು. ಅಲ್ಲಿ ಒತ್ತಕ್ಷರ ಇದ್ದರೂ ತೇಲಿಸಿ ಹೇಳುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯಬಹುದು.

ಪದ ಎಣಿಸಲು ಆಂಟ್‌ಕಾಂಕ್, ವೊಯಾಂಟ್ ಅನ್ನುವ ಎರಡು ತಂತ್ರಾಂಶ ಪುಕ್ಕಟೆ ಸಿಗುತ್ತವೆ. ಆದರೆ ಮನ, ಮನದ, ಮನಕೆ, ಮನದೊಳು ಎಲ್ಲ ಅವಕ್ಕೆ ಬೇರೆ ಬೇರೆ ಪದ. ‘ಮನ’ದಿಂದ ಶುರುವಾಗುವುದೆಲ್ಲ ಕೊಡು ಅಂದರೆ ಮನೆಯೂ ಬರುತ್ತದೆ, ಮನುಜನೂ ಬರುತ್ತಾನೆ. ಕೂತು ಕೈಯಲ್ಲೇ ಆರಿಸಬೇಕು. ವಚನಗಳಾದರೆ ವಚನ ಸಂಚಯ ಅನ್ನುವ ಜಾಲತಾಣದಲ್ಲಿ ಪದ ಕೊಟ್ಟು ಹುಡುಕಿ, ಅದು ಬರುವ ವಚನಗಳೆಲ್ಲ ಒಟ್ಟಿಗೆ ಸಿಗುತ್ತವೆ.

ನಿಮ್ಮ ಕಾವ್ಯ ಯಾವುದು ಅಂತ ತಿಳಿಸಿ. ಭಾಮಿನಿ ಷಟ್ಪದಿಯಾದರೆ 20, 32ರ ಜಾಗದಲ್ಲಿ 14, 23 ಅಂತ ಹಾಕಿಕೊಂಡು ಇದೇ ರೀತಿ ನೋಡಬಹುದು.